ಗುಹೆಯೊಳಗೆ ನಡೆದದ್ದು

ರಾಜಾಜಿನಗರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಕೋಕಿಲಾಳ ಕಿವಿಗೆ ಪಕ್ಕದ ಕುರ್ಚಿಗಳಲ್ಲಿದ್ದ ಅಕ್ಕ-ತಮ್ಮನ ಮಾತು ಬೀಳುತ್ತಿತ್ತು. ಸುರಂಗದಂಥ ಸ್ಕ್ಯಾನ್ ಯಂತ್ರದೊಳಗೆ ಲೋಹ ಒಯ್ಯುವಂತಿಲ್ಲವೆಂದು ಅಕ್ಕ ಬಳೆ, ಓಲೆ ಬಿಚ್ಚಿ ತಮ್ಮನ ಕೈಗೆ ಕೊಡುತ್ತಿದ್ದಳು.

"ಚಿಕ್ಕೋರಿದ್ದಾಗ ನೋಡ್ತಿದ್ವಲ್ಲ ಅನಿ, ಆ ಸಿನಿಮಾದಲ್ಲೂ ಹೀಗೇ. ಗುಹೆ ಬಾಗಿಲಲ್ಲಿ ಒಬ್ಬ ಮುದುಕ, ಒಳಗೆ ಹೋಗೋ ಹೀರೋ ಕೈಯಿಂದ ಕತ್ತಿ ಇಸ್ಕೊಳ್ತಾನೆ."

"ಆ ಮುದುಕನ್ನ ಕಳ್ಳ ಅಂದ್ಕೊಂಡಿದ್ದೆ."

"ನಾನೂ ಅಷ್ಟೆ. ಈಗ ಅನ್ಸತ್ತೆ, ಒಳಗಿರೋದು ಹೀರೋನ ಭಯಾನೇ. ಅದನ್ನ ಕತ್ತಿ ಏನ್ ಮಾಡತ್ತೆ?"

"ಅಕ್ಕ, ಗಡ್ಡೆ ಇನ್ನೂ ದೊಡ್ಡದಾಗಿದ್ರೆ?"

"ಡಾಕ್ಟರ್ ಹೇಳ್ತಾರೆ ಬಿಡು. ಗುಹೆ ಒಳಗೆ ದೀಪ ಆರ್ಹೋಗತ್ತೆ, ನೆನಪಿದ್ಯಾ?"

"ಇಲ್ಲ. ಗುಹೆ ಬಂದಾಗೆಲ್ಲ ನಾನು ಕಣ್ಣು ಮುಚ್ಕೊಂಡ್ಬಿಡ್ತಿದ್ದೆ. ನೀನು ಹೇಳಿದ್ದಷ್ಟೇ ನಂಗೊತ್ತು."

ಅಕ್ಕ ಕೊನೆಯ ಬಳೆ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು.

"ನಾನೂ ಮುಚ್ಕೊಂಡಿರ್ತಿದ್ದೆ ಕಣೋ. ಬರೀ ಸದ್ದು ಕೇಳಿ ನಿಂಗೆ ಕಥೆ ಕಟ್ಟಿ ಹೇಳ್ತಿದ್ದೆ."

"ಹಾಗಾದ್ರೆ ಒಳಗೆ ನಿಜವಾಗ್ಲೂ ಏನಾಗತ್ತೆ?"

"ರಾಗಿಣಿ ಯಾರಮ್ಮ?" ಎಂದು ನರ್ಸ್ ಕರೆದಳು.

ಅಕ್ಕ ಎದ್ದಳು. ತಮ್ಮ ಬಳೆಗಳನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆಯೇ ನಡೆದ. ಕೋಕಿಲಾಗೆ ಕೊನೆಗೆ ಕೇಳಿಸಿದ್ದು ಅಕ್ಕನ ದನಿ:

"ಬಂದು ಹೇಳ್ತೀನಿ ಇರು. ಈ ಸಲ ಕಟ್ಟಿ ಹೇಳಲ್ಲ."