ಅತ್ತಿಗೆ ತಿಕ್ಕಿದ ಮರ

ರಾತ್ರಿ ಹನ್ನೊಂದರ ಮೇಲೆ ಆ ಹಾಳುಬಾವಿಯ ದಾರಿ ಯಾರೂ ಹಿಡಿಯುವುದಿಲ್ಲ. ನನ್ನ ದೊಡ್ಡಪ್ಪನ ಎರಡನೇ ಮಗ ಹಿಡಿದ. ಧೈರ್ಯ ಉಕ್ಕಿ ಅಲ್ಲ. ಬೇರೆ ದಾರಿಯಲ್ಲಿ ಗುರುತಿನವರು ಸಿಕ್ಕಿ, ಕಂಕುಳಲ್ಲಿ ಏನು ಅಂತ ಕೇಳಿಯಾರು ಅಂತ.

ಕಂಕುಳಲ್ಲಿದ್ದದ್ದು ಬಟ್ಟೆ ಸುತ್ತಿದ ಕೋವಿಯ ಮರದ ಹಿಡಿ. ಇವನು ಅಂಥವುಗಳ ಮೇಲೆ ಬಳ್ಳಿ, ಜಿಂಕೆ ಕೆತ್ತುವವನು. 'ಕಲಾವಿದ' ಅಂತ ಕರೆಸಿಕೊಳ್ಳುತ್ತಿದ್ದ. ಆ ಬಿರುದು ಕೊಟ್ಟುಕೊಂಡವನೂ ಅವನೇ. ಊರೂರು ಸುತ್ತಿದವಳು ನಾನು. ಕುರಿ ಮುಖದ ಜಿಂಕೆಯನ್ನು ಇವನ ಕೆತ್ತನೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡಿಲ್ಲ.

ಆದರೂ ಗಿರಾಕಿಗಳು ಬರುತ್ತಿದ್ದರು... ಅತ್ತಿಗೆಯ ಕೈಗಾಗಿ. ಇವನ ಅಣ್ಣನ ಹೆಂಡತಿ. ಇವನು ಕೆತ್ತಿ ಬಿಸಾಕಿದ್ದಕ್ಕೆ ಅವರು ಅಗಸೆ ಎಣ್ಣೆ ಹಾಕಿ ಬರಿ ಅಂಗೈಯಲ್ಲಿ ತಿಕ್ಕುತ್ತಿದ್ದರು, ಮರ ಬಿಸಿಯಾಗಿ ಎಣ್ಣೆ ಒಳಗಿಳಿಯುವ ತನಕ.

"ತಿಕ್ಕೋದೂ ಒಂದು ಕೆಲಸಾನಾ? ಹಾಗಾದ್ರೆ ಪಾತ್ರೆ ತಿಕ್ಕೋರೆಲ್ಲ ಕಲಾವಿದರೇ!" ಅನ್ನುತ್ತಿದ್ದ.

ಅತ್ತಿಗೆ ತೀರಿಕೊಂಡರು. ಆಮೇಲೆ ಗೊತ್ತಾಯಿತು, ಇವನ ಕೈಯಲ್ಲಿ ಎಣ್ಣೆ ಒಣಗುವುದೇ ಇಲ್ಲ. ಬೆಳಗಾದರೆ ದೊಡ್ಡ ಗಿರಾಕಿಯೊಬ್ಬ ಬರುವವನಿದ್ದ. ಜನ್ಮದಲ್ಲಿ ಒಂದು ಗುಬ್ಬಿ ಹೊಡೆಯದ ಆಸಾಮಿ, ಮನೆ ತುಂಬ ಮಾತ್ರ ಕೋವಿ. ಅವನು ಮೂಗು ಮುರಿದರೆ ಇವನ ಹೆಸರು ಮಣ್ಣುಪಾಲು. ದಿನವಿಡೀ ತಿಕ್ಕಿದ. ಹಿಡಿ ಅಂಟು ಅಂಟು. ಒಂದು ನೊಣ ಕೂತು ಅಲ್ಲೇ ಉಳಿಯಿತು. ಕೊನೆಗೆ ಪಕ್ಕದೂರಿನ ಬಡಗಿಯ ಕೈಯಲ್ಲಿ ಗುಟ್ಟಾಗಿ ತಿಕ್ಕಿಸೋಣ ಅಂತ ಆ ರಾತ್ರಿ ಹೊರಟಿದ್ದ.

ಬಾವಿಯ ಹತ್ತಿರ ಬಂದ. ಕೇಳಿಸಿತು...

ಸೊರ್... ಸೊರ್... ಸೊರ್...

ಎಣ್ಣೆ ಅಂಗೈ ಮರದ ಮೇಲೆ ಜಾರುವ ಸದ್ದು. ನಿಂತ. ಸದ್ದು ನಿಲ್ಲಲಿಲ್ಲ. ಅವನ ಕಂಕುಳಲ್ಲೇ!

"ಅಲುಗಾಡಿಸಬೇಡ. ಸರಿಯಾಗಿ ಹಿಡ್ಕೋ."

ಸತ್ತ ಮೇಲೂ ಗದರುವ ಅದೇ ದನಿ.

"ಅ... ಅತ್ತಿಗೆ..."

"ನಾಳೆ ಯಾರ ಕೆಲಸ ಅಂತೀಯ?"

"ನಿಮ್ಮದೇ... ನಿಮ್ಮದೇ ಅತ್ತಿಗೆ. ನನ್ನಾಣೆ."

ಸೊರ್... ಸೊರ್... ಸದ್ದು ನಿಲ್ಲುವ ತನಕ ನಮ್ಮ ಶೂರ ಅಲ್ಲೇ ನಿಂತಿದ್ದ. ಕಾಲಡಿಯ ನೆಲ ಒದ್ದೆ. ಬಾವಿಯ ನೀರಿನಿಂದಲ್ಲ.

ಬೆಳಿಗ್ಗೆ ಗಿರಾಕಿ ಹಿಡಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಹಿಡಿ ಒಣಗಿ ನುಣ್ಣಗಿತ್ತು. ತಿಳಿನೀರಿನೊಳಗೆ ಕಂಡ ಹಾಗೆ ಮರದ ಗೆರೆಗೆರೆಯೂ ಕಾಣುತ್ತಿತ್ತು. ಜಿಂಕೆಯ ಕಡೆ ಅವನು ಕಣ್ಣೂ ಹಾಯಿಸಲಿಲ್ಲ.

"ಆಹಾ! ಯಾರ್ರೀ ಇದನ್ನ ತಿಕ್ಕಿದ್ದು?"

ಕಲಾವಿದ ಲೆಕ್ಕ ಹಾಕಿದ. ಇಂಥ ದೊಡ್ಡ ಮನುಷ್ಯನ ಎದುರು ಒಬ್ಬ ಹೆಂಗಸಿನ ಹೆಸರು, ಅದೂ ಸತ್ತವಳದ್ದು...

"ನಾನೇ," ಅಂದ.

ಬಾಯಿ ಮುಚ್ಚುವಷ್ಟರಲ್ಲಿ ಬಲಗೈ ತಣ್ಣಗಾಯಿತು. ಇವತ್ತಿಗೂ ಹಾಗೇ ಇದೆ. ಡಾಕ್ಟರು ನರ ಅಂದರು, ರಕ್ತ ಅಂದರು. ಬಿಸಿ ಲೋಟ ಹಿಡಿದರೆ ಲೋಟ ಆರುತ್ತದೆ, ಕೈ ಬಿಸಿಯಾಗುವುದಿಲ್ಲ. ಉಳಿ ಹಿಡಿಯಲಾಗದೆ ಕೆಲಸ ಬಿಟ್ಟ. ಲೋಕಕ್ಕೇನೂ ನಷ್ಟವಾಗಲಿಲ್ಲ.

ಕತೆ ಕಟ್ಟಿದಳು ಅನ್ನಬೇಡಿ. ಆ ಗಿರಾಕಿಯ ಮನೆಗೆ ನಾನೇ ಹೋಗಿದ್ದೆ. ಮಿಕ್ಕ ಕೋವಿಗಳೆಲ್ಲ ಗೋಡೆಯ ಮೇಲಿದ್ದವು. ಇದೊಂದು ಮಾತ್ರ ನೆಲದ ಮೇಲೆ, ಮೂಲೆಯಲ್ಲಿ. ಹಿಡಿಗೆ ಬೆನ್ನು ಒತ್ತಿಕೊಂಡು ಮನೆಯ ಬೆಕ್ಕು ಮಲಗಿತ್ತು.

"ಚಳಿಗಾಲ ಪೂರ್ತಿ ಅಲ್ಲಿಂದ ಏಳಲ್ಲ ಕಣ್ರೀ," ಅಂದಳು ಅವನ ಹೆಂಡತಿ.

ಮುಟ್ಟಿ ನೋಡಿದೆ. ಬೆಕ್ಕು ಒರಗಿದ್ದ ಕಡೆಯಲ್ಲ, ಆಚೆ ಕಡೆ.

ಬೆಚ್ಚಗಿತ್ತು.