ಹಿಟ್ಟಿನ ಡಬ್ಬಿಯ ಸೊಲ್ಲಾಪುರ

ಅಕ್ಕಲಕೋಟ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಅಕ್ಕ, ತಮ್ಮ ಕುಳಿತಿದ್ದರು. ಅಕ್ಕನ ತಲೆ ನರೆತಿತ್ತು, ತಮ್ಮನದು ಬೋಳಾಗಿತ್ತು.

“ಸಾತಲಿಂಗ, ಸಾಲ್ಯಾಗಿದ್ದಾಗ ನೀ ಬಸ್ಸಿಂದ ಕದ್ದಿದ್ದಿಯಲ್ಲ, ‘ಸೊಲ್ಲಾಪುರ’ ಅಂತ ಬರದಿದ್ದ ತಗಡಿನ ಪಾಟಿ, ಅದು ಐತೇನೋ?”

“ಹಿಟ್ಟಿನ ಡಬ್ಬಿ ಮ್ಯಾಲ ಐತಿ ಅಕ್ಕಾ. ಅವ್ವ ಇಟ್ಟಲ್ಲೇ.”

“ಕದ್ದಿದ್ದಕ್ಕ ನಿನ್ನ ಬಡದಿದ್ಳು.”

“ಬಡದು, ಮರುದಿನ ಅದನ್ನ ಮುಚ್ಚಳ ಮಾಡ್ಕೊಂಡ್ಳು.”

“ದಿನಾ ನನಗ ಒದರ್ತಿದ್ಳು, ‘ಮುಕ್ತಾ, ಸೊಲ್ಲಾಪುರ ಮುಚ್ಚ, ಹಿಟ್ಟಿನ್ಯಾಗ ಇರಬಿ ಬೀಳ್ತಾವ.’”

“ನಮ್ಮ ಮೊಮ್ಮಕ್ಕಳೂ ಮುಚ್ಚಳಕ್ಕ ಸೊಲ್ಲಾಪುರ ಅಂತಾರ.”

“ಖರೇ ಸೊಲ್ಲಾಪುರ ಅವ್ವ ನೋಡಲೇ ಇಲ್ಲ.”

ಅಕ್ಕ ತಮ್ಮನ ಕಡೆ ತಿರುಗಿದಳು.

“ಆ ಪಾಟಿ ನನಗ ಕೊಡೋ.”

“ಸೊಲ್ಲಾಪುರದಾಗ ಇರಾಕಿಗಿ ಸೊಲ್ಲಾಪುರ ಯಾಕ?”

“ಅವ್ವನ ಕೈ ಹತ್ತೈತಿ ಅದಕ್ಕ.”

“ಆತು, ಮುಂದಿನ ಸಲ ತರ್ತೀನಿ.”

ಸೊಲ್ಲಾಪುರದ ಬಸ್ಸು ಬಂದು ನಿಂತಿತು. ಅಕ್ಕ ಚೀಲ ಎತ್ತಿಕೊಂಡಳು.

“ಮತ್ತ ನಿಮ್ಮ ಡಬ್ಬಿಗಿ ಏನ ಮುಚ್ಚತೀರಿ?”

ತಮ್ಮ ಬಸ್ಸಿನ ಮುಂದಿನ ಗಾಜಿನ ಹಿಂದಿದ್ದ ‘ಸೊಲ್ಲಾಪುರ’ ಎಂಬ ತಗಡಿನ ಪಾಟಿಯನ್ನೇ ನೋಡುತ್ತಿದ್ದ.

“ನೀ ಹತ್ತಿ ಕುಂದರು ಅಕ್ಕಾ. ಡ್ರೈವರ ಚಾ ಕುಡ್ಯಾಕ ಹೋಗ್ಯಾನ.”