ಮೊದಲಿನ ಎರಡು ತಿಂಗಳು

ನಾಗಪುರದ ಮೆಟ್ರೊದಲ್ಲಿ ಕನ್ನಡ ಕಿವಿಗೆ ಬಿದ್ದದ್ದರಿಂದ ತಲೆ ಎತ್ತಿ ನೋಡಿದೆ. ಎದುರಿಗೆ ಇಬ್ಬರು ಕುಳಿತಿದ್ದರು; ಒಂದೇ ಶಾಲೆಯ ಶಿಕ್ಷಕರೆಂದು ಅವರ ಮಾತಿನಿಂದಲೇ ಗೊತ್ತಾಯಿತು. ಆಟ ಕಲಿಸುವ ತರುಣ ಗೌತಮ್. ಅವನಿಗಿಂತ ಹಿರಿಯರಾದ ಕುಮುದಾ ಮಡಿಲಲ್ಲಿ ಒಂದು ಫೈಲು ಇಟ್ಟುಕೊಂಡಿದ್ದರು.

"ಮೊದಲಿನ ಎರಡು ತಿಂಗಳು ಒಬ್ಬ ಹುಡುಗೀನೂ ಆಟಕ್ಕ ಬರಲಿಲ್ಲ, ಕುಮುದಕ್ಕಾ. ಈಗ ಮೂವತ್ತೆಂಟು ಮಂದಿ ಬರಾಕತ್ಯಾರ. ಏನು ಜಾದೂ ಮಾಡಿದ್ರಿ?"

"ಜಾದೂ ಏನಿಲ್ಲಪಾ. ಯಾಕ ಬರೂದಿಲ್ಲಂತ ಕೇಳಿದೆ."

"ನಾನೂ ಕೇಳಿದ್ನಲ್ಲಾ! ಹೊಟ್ಟಿ ನೋವು ಅಂದ್ರು."

"ಹುಡುಗೂರ ಮುಂದ ಕೇಳಿದ್ರ ಹಂಗ ಅಂತಾರ. ನನಗ ಖರೇ ಹೇಳಿದ್ರು. ಓಡಿದ್ರ ಹುಡುಗೂರು ನಗತಾರಂತ. ಮುಂಜಾನೆ ಏನೂ ತಿನ್ನದ ಬರತಾರಂತ, ಬಿಸಲಾಗ ತಲಿ ತಿರಗತೈತಂತ."

"ಅದಕ್ಕ ಆಟಕ್ಕಿಂತ ಮೊದಲ ಮೊಳಕಿ ಬಂದ ಮಟಕಿ ಕಾಳಿನ ಉಸಳಿ ಕೊಡಾಕ ಹಚ್ಚಿದ್ರೇನು?"

"ಹೌದು. ಅವರ ಅವ್ವಂದಿರು ಪಾಳಿ ಹಚ್ಚಿ ಮಾಡಿ ಕಳಸ್ತಾರ. ಮುಂಜಾನೆ ಅರ್ಧಾ ತಾಸು ಮೈದಾನ ಬರೇ ಹುಡುಗ್ಯಾರಿಗೆ ಅಂತ ಹೆಡ್ಮಾಸ್ತರೂ ಒಪ್ಪಿದ್ರು."

ಗೌತಮ್ ಅವರ ಮಡಿಲಲ್ಲಿದ್ದ ಫೈಲಿನತ್ತ ಬೆರಳು ತೋರಿಸಿದ.

"ಅಕ್ಕಾ, ಬ್ಯಾರೆ ಸಾಲಿಗೆ ಕಳಸೂ ಈ ವರದಿಯಾಗ ನನ್ನ ಹೆಸರು ಯಾಕ ಬರದೀರಿ?"

"ಮತ್ತ? ಅವರಿಗೆ ಕಬಡ್ಡಿ ಕಲಿಸಿದಾಂವ ನೀನ ಅಲ್ಲೇನು?"

"ಹಂಗಾದ್ರ ಮೊದಲಿನ ಎರಡು ತಿಂಗಳೂ ಬರೀರಿ. ನಾ ಎಲ್ಲಿ ತಪ್ಪಿದೆ, ಅದನ್ನೂ ಬರೀರಿ. ಬ್ಯಾರೆ ಸಾಲಿ ಮಾಸ್ತರ ಓದಿದ್ರ ಅವನ ಎರಡು ತಿಂಗಳರೆ ಉಳಿತಾವ."

"ನಿನ್ನ ಮನಸ್ಸಿಗೆ ಬ್ಯಾಸರ ಆಗೂದಿಲ್ಲೇನು?"

"ಆಗತೈತಿ. ಆದ್ರೂ ಬರೀರಿ."

ಕುಮುದಾ ಫೈಲು ಬಿಚ್ಚಿ, ಪೆನ್ನು ಹುಡುಕಿದರು. ಸಿಗಲಿಲ್ಲ. ಅಷ್ಟರಲ್ಲಿ ಅವರಿಬ್ಬರೂ ಇಳಿಯುವ ನಿಲ್ದಾಣ ಬಂತು. ಗೌತಮ್ ತನ್ನ ಜೇಬಿನ ಪೆನ್ನನ್ನು ಕುಮುದಾ ಅವರ ಕೈಗಿತ್ತು ಮೊದಲು ಇಳಿದ.